ಪಾಸ್‌ಪೋರ್ಟ್ ಬದಲಾದರೆ ತೋಟದ ಪಾಲು ಹೋಗುತ್ತದೆಯೇ? ಪರದೇಶದಲ್ಲಿ ನೆಲೆಸಿದವರು ತಿಳಿದಿರಬೇಕಾದ ಆಸ್ತಿ ಮತ್ತು ವಾಸದ ನಿಯಮಗಳು

ಕರಾವಳಿಯ ನಮ್ಮ ಯಾವುದೇ ಚರ್ಚ್ ವ್ಯಾಪ್ತಿಯಲ್ಲಿ ಹತ್ತು ಮನೆಗಳ ಬಾಗಿಲು ತಟ್ಟಿದರೆ ಅವುಗಳಲ್ಲಿ ಕೆಲವಾದರೂ ಮನೆಗಳ ಮಕ್ಕಳು ಪರದೇಶದಲ್ಲಿರುತ್ತಾರೆ. ಒಂದು ಕಾಲದಲ್ಲಿ ಪರದೇಶವೆಂದರೆ ಕೊಲ್ಲಿ ರಾಷ್ಟ್ರಗಳು ಮಾತ್ರ. ಅಲ್ಲಿಗೆ ಹೋದವರು ಎಷ್ಟೇ ವರ್ಷ ದುಡಿದರೂ ಭಾರತದ ಪಾಸ್‌ಪೋರ್ಟ್ ಹಿಡಿದುಕೊಂಡೇ ಊರಿಗೆ ಮರಳುತ್ತಿದ್ದರು. ಈಗ ಹಾಗಿಲ್ಲ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡ್, ಇಂಗ್ಲೆಂಡ್‌ಗಳಿಗೆ ಹೋದ ಮಕ್ಕಳು ಅಲ್ಲಿಯ ಪೌರತ್ವ ಪಡೆದು ಅಲ್ಲಿಯೇ ಮನೆ ಮಾಡುತ್ತಿದ್ದಾರೆ. ಊರಿನಲ್ಲಿ ವಯಸ್ಸಾದ ತಂದೆ ತಾಯಿ, ಹಳೆಯ ಹೆಂಚಿನ ಮನೆ, ಅದರ ಸುತ್ತ ಒಂದಿಷ್ಟು ಅಡಿಕೆ, ತೆಂಗು ಉಳಿದಿವೆ.

ಇಂತಹ ಕುಟುಂಬಗಳಲ್ಲಿ ಪದೇ ಪದೇ ಏಳುವ ಪ್ರಶ್ನೆಗಳು ಕೆಲವಿವೆ. ಮಗಳು ಕೆನಡಾದ ಪ್ರಜೆಯಾದಳು, ಅವಳಿಗೆ ತೋಟದಲ್ಲಿ ಪಾಲು ಇದೆಯೇ? ಕುವೈಟಿನಲ್ಲಿರುವ ಮಗ ಊರಿನಲ್ಲಿ ಎರಡು ಎಕ್ರೆ ಜಾಗ ಕೊಳ್ಳಬಹುದೇ? ದುಬೈಯಲ್ಲಿ ಫ್ಲ್ಯಾಟ್ ಕೊಂಡರೆ ವೀಸಾ ಸಿಗುತ್ತದಂತೆ, ನಿಜವೇ? ಉತ್ತರ ತಿಳಿಯದೆ ಮಾಡಿದ ಕಾಗದಪತ್ರಗಳು ಮುಂದೆ ಅಣ್ಣತಮ್ಮಂದಿರ ನಡುವೆ ವ್ಯಾಜ್ಯವಾಗಿ ಬೆಳೆಯುತ್ತವೆ. ಆದ್ದರಿಂದ ಕುಟುಂಬದವರಿಗೂ ಚರ್ಚಿನ ಕಾರ್ಯಕರ್ತರಿಗೂ ಉಪಯೋಗವಾಗಲೆಂದು ಮುಖ್ಯ ನಿಯಮಗಳನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಿ

ಪೌರತ್ವ, ವಾಸದ ಪರವಾನಗಿ ಮತ್ತು ಆಸ್ತಿಯ ಒಡೆತನ ಮೂರು ಬೇರೆ ಬೇರೆ ವಿಷಯಗಳು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ. ಹೆಚ್ಚಿನ ಗೊಂದಲ ಹುಟ್ಟುವುದು ಈ ಮೂರನ್ನು ಒಂದೇ ಎಂದು ತಿಳಿಯುವುದರಿಂದ.

ನಮ್ಮ ಕಾನೂನಿನ ದೃಷ್ಟಿಯಲ್ಲಿ ಪರದೇಶದಲ್ಲಿರುವ ನಮ್ಮವರಲ್ಲಿ ಎರಡು ವರ್ಗಗಳಿವೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಉದ್ಯೋಗಕ್ಕಾಗಿ ಹೊರಗೆ ವಾಸಿಸುವವರು ಅನಿವಾಸಿ ಭಾರತೀಯರು, ಅಂದರೆ ಎನ್ನಾರೈಗಳು. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಈ ವರ್ಗದವರು. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರು ಎರಡನೆಯ ವರ್ಗದವರು. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಅಂತಹವರ ಭಾರತೀಯ ಪೌರತ್ವ ಅಲ್ಲಿಗೇ ಕೊನೆಗೊಳ್ಳುತ್ತದೆ. ಭಾರತದಲ್ಲಿ ಇಬ್ಬಗೆಯ ಪೌರತ್ವ ಇಲ್ಲ. ಅವರು ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ, ಬಯಸಿದರೆ ಸಾಗರೋತ್ತರ ಭಾರತೀಯ ಪೌರ ಎಂಬ ಕಾರ್ಡನ್ನು, ಅಂದರೆ ಒಸಿಐ ಕಾರ್ಡನ್ನು ಪಡೆಯಬಹುದು. 2005ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ 2015ರ ಜನವರಿಯಲ್ಲಿ ಹಿಂದಿನ ಪಿಐಒ ಕಾರ್ಡ್ ಕೂಡ ಸೇರಿಹೋಯಿತು.

ಹೆಸರಿನಲ್ಲಿ 'ಪೌರ' ಎಂದಿದ್ದರೂ ಒಸಿಐ ಕಾರ್ಡ್ ಪೌರತ್ವವಲ್ಲ. ಅದು ಜೀವನಪರ್ಯಂತ ಬಂದು ಹೋಗುವ ವೀಸಾ ಮತ್ತು ಕೆಲವು ಸೌಲಭ್ಯಗಳ ಗುರುತು. ಕಾರ್ಡುದಾರರಿಗೆ ಮತದಾನದ ಹಕ್ಕು ಇಲ್ಲ. ಜಮೀನಿನ ವಿಷಯದಲ್ಲೂ ಅವರಿಗೆ ಮಿತಿಗಳಿವೆ.

ಕೃಷಿ ಭೂಮಿ ಕೊಳ್ಳಲು ಎನ್ನಾರೈಗೂ ಅವಕಾಶವಿಲ್ಲ

ಪರದೇಶದಲ್ಲಿ ವಾಸಿಸುವವರು ಭಾರತದಲ್ಲಿ ಸ್ಥಿರಾಸ್ತಿ ಹೊಂದುವ ವಿಚಾರವನ್ನು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ನಿಯಂತ್ರಿಸುತ್ತದೆ. ಅದರ ಅಡಿಯಲ್ಲಿ 2019ರ ಅಕ್ಟೋಬರಿನಲ್ಲಿ ಹೊರಬಂದ ನಿಯಮಗಳ ಸಾರಾಂಶ ಹೀಗಿದೆ:

1. ಎನ್ನಾರೈ ಹಾಗೂ ಒಸಿಐ ಕಾರ್ಡುದಾರರು ಭಾರತದಲ್ಲಿ ಮನೆ, ಫ್ಲ್ಯಾಟ್, ಅಂಗಡಿ, ಮನೆ ನಿವೇಶನಗಳನ್ನು ಕೊಳ್ಳಬಹುದು. ಇದಕ್ಕೆ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿ ಬೇಡ.

2. ಕೃಷಿ ಭೂಮಿ, ಪ್ಲಾಂಟೇಶನ್ ಮತ್ತು ಫಾರ್ಮ್‌ಹೌಸ್‌ಗಳನ್ನು ಇವರಿಬ್ಬರೂ ಕೊಳ್ಳುವಂತಿಲ್ಲ.

3. ಹಣ ಬ್ಯಾಂಕಿನ ಮೂಲಕವೇ ಬರಬೇಕು. ಹೊರಗಿನಿಂದ ಕಳುಹಿಸಿದ ಹಣ ಇಲ್ಲವೇ ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಸಿಎನ್‌ಆರ್ ಖಾತೆಯ ಹಣವಾಗಿರಬೇಕು. ವಿದೇಶಿ ನೋಟುಗಳನ್ನು ಎಣಿಸಿ ಕೊಟ್ಟು ಆಸ್ತಿ ಕೊಳ್ಳುವಂತಿಲ್ಲ.

4. ಭಾರತೀಯ ಮೂಲದವರಲ್ಲದ, ಹೊರದೇಶದಲ್ಲೇ ವಾಸಿಸುವ ವಿದೇಶೀಯರು ಇಲ್ಲಿ ಆಸ್ತಿ ಕೊಳ್ಳುವಂತಿಲ್ಲ. ಆದರೆ ಎನ್ನಾರೈ ಅಥವಾ ಒಸಿಐ ಕಾರ್ಡುದಾರರನ್ನು ಮದುವೆಯಾದ ವಿದೇಶಿ ಪತಿ ಅಥವಾ ಪತ್ನಿ, ಆ ಸಂಗಾತಿಯ ಜೊತೆಗೂಡಿ, ಕೃಷಿಯೇತರವಾದ ಒಂದು ಆಸ್ತಿಯನ್ನು ಕೊಳ್ಳಬಹುದು. ಮದುವೆ ನೋಂದಣಿಯಾಗಿರಬೇಕು ಮತ್ತು ಕಡಿಮೆಯೆಂದರೂ ಎರಡು ವರ್ಷ ನಿರಂತರವಾಗಿ ನಡೆದಿರಬೇಕು.

ಎರಡನೆಯ ಅಂಶವನ್ನು ನಮ್ಮ ಕೊಲ್ಲಿ ಬಂಧುಗಳು ಮುಖ್ಯವಾಗಿ ಗಮನಿಸಬೇಕು. 'ನನ್ನದು ಭಾರತದ ಪಾಸ್‌ಪೋರ್ಟ್, ನನಗೇಕೆ ಅಡ್ಡಿ' ಎಂದು ಕೇಳುವವರಿದ್ದಾರೆ. ಫೆಮಾ ಪಾಸ್‌ಪೋರ್ಟನ್ನು ಮಾತ್ರ ನೋಡುವುದಿಲ್ಲ, ವಾಸವನ್ನೂ ನೋಡುತ್ತದೆ. ಉದ್ಯೋಗಕ್ಕಾಗಿ ಹೊರಗಿರುವಷ್ಟು ಕಾಲ ಹೊಸದಾಗಿ ಅಡಿಕೆ ತೋಟ, ಗದ್ದೆ ಅಥವಾ ರಬ್ಬರ್ ಎಸ್ಟೇಟ್ ಕೊಳ್ಳಲು ಅವಕಾಶವಿಲ್ಲ. ಶಾಶ್ವತವಾಗಿ ಊರಿಗೆ ಮರಳಿ ನೆಲೆಸಿದ ಭಾರತೀಯ ಪ್ರಜೆಗೆ ಈ ಅಡ್ಡಿ ಇರುವುದಿಲ್ಲ. ಹಾಗೆಯೇ ಪರದೇಶಕ್ಕೆ ಹೋಗುವ ಮೊದಲೇ ಕೊಂಡಿದ್ದ ತೋಟವನ್ನು ಹೋದ ನಂತರವೂ ಇಟ್ಟುಕೊಳ್ಳಬಹುದು. ಪೌರತ್ವ ಬದಲಾದರೂ ಅದು ಕೈತಪ್ಪುವುದಿಲ್ಲ.

ತೋಟದ ನಡುವಿನ ಮನೆ ಕೃಷಿಯೋ, ಮನೆಯೋ?

ನಮ್ಮ ಜಿಲ್ಲೆಗಳಲ್ಲಿ ಇದು ದೊಡ್ಡ ಪ್ರಶ್ನೆ. ಬಯಲುಸೀಮೆಯಲ್ಲಿ ಊರು ಒಂದು ಕಡೆ, ಹೊಲ ಇನ್ನೊಂದು ಕಡೆ. ಇಲ್ಲಿ ಹಾಗಲ್ಲ, ಮನೆ ಇರುವುದೇ ತೋಟದ ಮಧ್ಯೆ. ಮಾರುವವರು 'ಮನೆ ಸಹಿತ 30 ಸೆಂಟ್ಸ್' ಎನ್ನುತ್ತಾರೆ. ಕೊಳ್ಳುವವರು ಮನೆ ಕೊಳ್ಳುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಆದರೆ ಆರ್‌ಟಿಸಿ ತೆಗೆದು ನೋಡಿದರೆ ಆ ಜಾಗ ಕೃಷಿ ಭೂಮಿಯಾಗಿಯೇ ಇರಬಹುದು. ಮನೆ ಕಟ್ಟಿದ ಮಾತ್ರಕ್ಕೆ ಜಾಗ ಕೃಷಿಯೇತರವಾಗುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಅಂದರೆ ಕನ್ವರ್ಶನ್ ಆಗಿರಬೇಕು.

ಆದ್ದರಿಂದ ಎನ್ನಾರೈ ಮತ್ತು ಒಸಿಐ ಬಂಧುಗಳು ಊರಿನಲ್ಲಿ ಮನೆ ಕೊಳ್ಳುವಾಗ ಮುಂಗಡ ಕೊಡುವ ಮೊದಲೇ ಪರಿವರ್ತನೆಯ ಆದೇಶ, ಗ್ರಾಮ ಪಂಚಾಯತಿನ 9 ಮತ್ತು 11ನೇ ನಮೂನೆಗಳು ಇವೆಯೇ ಎಂದು ನೋಡಬೇಕು. ಮಾರುವವರ ಬಳಿ ಕೇವಲ ಆರ್‌ಟಿಸಿ ಇದ್ದರೆ, ಮೊದಲು ಕನ್ವರ್ಶನ್ ಮಾಡಿಸಿ ಆಮೇಲೆ ನೋಂದಣಿ ಎಂಬ ಷರತ್ತು ಹಾಕಿಕೊಳ್ಳುವುದು ಉತ್ತಮ. ಕುಮ್ಕಿ ಜಾಗವನ್ನು ತೋರಿಸಿ 'ಇದೂ ಸೇರಿದೆ' ಎಂದರೆ ಒಪ್ಪಬಾರದು. ಕುಮ್ಕಿ ಸರಕಾರಿ ಜಮೀನು; ಪಕ್ಕದ ವರ್ಗದ ಜಮೀನಿನವರಿಗೆ ಅದರಲ್ಲಿ ಸೊಪ್ಪು, ಸೌದೆಯಂತಹ ಕೆಲವು ಸೌಲಭ್ಯಗಳಿವೆಯೇ ಹೊರತು ಮಾರುವ ಹಕ್ಕಿಲ್ಲ.

2020ರ ತಿದ್ದುಪಡಿಯ ತಪ್ಪು ತಿಳುವಳಿಕೆ

ಕರ್ನಾಟಕದಲ್ಲಿ ಹಿಂದೆ ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಆದಾಯದ ಮಿತಿ ಮತ್ತು ಕೃಷಿಕ ಎಂಬ ಅರ್ಹತೆಯನ್ನು ಕೇಳುತ್ತಿದ್ದವು. 2020ರಲ್ಲಿ ರಾಜ್ಯ ಸರಕಾರ ಈ ಕಲಂಗಳನ್ನು ತೆಗೆದುಹಾಕಿತು. ಅಂದಿನಿಂದ 'ಈಗ ಯಾರು ಬೇಕಾದರೂ ಜಮೀನು ಕೊಳ್ಳಬಹುದು' ಎಂಬ ಮಾತು ಹರಡಿದೆ. ಜಾಗದ ಬ್ರೋಕರ್‌ಗಳು ಪರದೇಶದಲ್ಲಿರುವವರಿಗೂ ಇದನ್ನೇ ಹೇಳಿ ನಂಬಿಸುತ್ತಾರೆ.

ಇದು ಅರ್ಧ ಸತ್ಯ. ತಿದ್ದುಪಡಿಯಾಗಿರುವುದು ರಾಜ್ಯದ ಕಾಯ್ದೆ. ಫೆಮಾ ಕೇಂದ್ರದ ಕಾಯ್ದೆ; ಅದರ ಅಡ್ಡಿ ಹಾಗೆಯೇ ಉಳಿದಿದೆ. ಮಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಮ್ಮ ಈಗ ಕೃಷಿ ಭೂಮಿ ಕೊಳ್ಳಬಹುದು, ಮಸ್ಕತ್‌ನಲ್ಲಿರುವ ಅಣ್ಣ ಕೊಳ್ಳುವಂತಿಲ್ಲ. ಬೆಳ್ತಂಗಡಿಯ ರಬ್ಬರ್ ತೋಟವಾಗಲಿ, ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ಸೊನ್ನ ಬ್ಯಾರೇಜಿನ ಸಮೀಪದ ಕಬ್ಬಿನ ಹೊಲವಾಗಲಿ, ನಿಯಮ ಒಂದೇ. ಕರಾವಳಿಗಿಂತ ಅಲ್ಲಿ ಎಕ್ರೆಗೆ ಬೆಲೆ ಕಡಿಮೆ ಎಂಬ ಆಸೆಗೆ ದೂರದಿಂದಲೇ ಹಣ ಕಳುಹಿಸುವ ಮೊದಲು ಇದನ್ನು ನೆನಪಿಡಬೇಕು. ಫೆಮಾ ಉಲ್ಲಂಘನೆಗೆ, ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ವಿಲ್ ಆಗಬಹುದು, ದಾನಪತ್ರ ಆಗದು

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಪಾಸ್‌ಪೋರ್ಟ್ ಬದಲಾದರೆ ತೋಟದ ಪಾಲು ಹೋಗುತ್ತದೆಯೇ? ಹೋಗುವುದಿಲ್ಲ. ಕೃಷಿ ಭೂಮಿಯನ್ನು ಕೊಳ್ಳಲು ಅಡ್ಡಿಯಿದೆ, ಉತ್ತರಾಧಿಕಾರದಿಂದ ಪಡೆಯಲು ಅಡ್ಡಿಯಿಲ್ಲ. ಭಾರತದಲ್ಲಿ ವಾಸವಾಗಿದ್ದ ತಂದೆ ಅಥವಾ ತಾಯಿಯಿಂದ ಬರುವ ಗದ್ದೆ, ತೋಟ, ಮನೆ ಯಾವುದನ್ನಾದರೂ ಎನ್ನಾರೈ ಮಗನೂ, ವಿದೇಶಿ ಪ್ರಜೆಯಾದ ಮಗಳೂ ವಾರಸುದಾರರಾಗಿ ಪಡೆಯಬಹುದು.

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಭಾರತದಲ್ಲಿರುವ ಸ್ಥಿರಾಸ್ತಿಗೆ, ತೀರಿಕೊಂಡವರ ಕಾಯಂ ನೆಲೆ ಯಾವ ದೇಶದಲ್ಲಿದ್ದರೂ, ಭಾರತದ ಕಾನೂನೇ ಅನ್ವಯ. ವಿಲ್ ಮಾಡದೆ ತಂದೆ ತೀರಿಕೊಂಡರೆ ಮೂರನೆಯ ಒಂದು ಪಾಲು ತಾಯಿಗೆ, ಉಳಿದ ಎರಡು ಪಾಲು ಮಕ್ಕಳೆಲ್ಲರಿಗೂ ಸಮನಾಗಿ ಸಲ್ಲುತ್ತದೆ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಉದಾಹರಣೆಗೆ ತಂದೆಯ ಹೆಸರಿನಲ್ಲಿ ನಾಲ್ಕೂವರೆ ಎಕ್ರೆ ತೋಟವಿದೆ, ತಾಯಿ ಮತ್ತು ಮೂವರು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ತಾಯಿಗೆ ಒಂದೂವರೆ ಎಕ್ರೆ, ಪ್ರತಿಯೊಬ್ಬ ಮಗುವಿಗೂ ಒಂದು ಎಕ್ರೆ. ಊರಿನಲ್ಲಿದ್ದು ತೋಟ ನೋಡಿಕೊಂಡ ಹಿರಿಯ ಮಗನಿಗೂ ಅಷ್ಟೇ, ಟೊರಾಂಟೊದಲ್ಲಿ ನೆಲೆಸಿದ ಕಿರಿಯ ಮಗಳಿಗೂ ಅಷ್ಟೇ. 'ಅವಳು ಈಗ ಕೆನಡಾದವಳು, ಅವಳ ಸಹಿ ಬೇಡ' ಎಂದು ಅವಳನ್ನು ಬಿಟ್ಟು ಪಾಲುಪಟ್ಟಿ ಮಾಡಿದರೆ ಅವಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.

ಆದರೆ ತಂದೆ ಬದುಕಿರುವಾಗಲೇ ಪ್ರೀತಿಯಿಂದ ಆ ಮಗಳಿಗೆ ತೋಟದ ಒಂದು ಎಕ್ರೆಯನ್ನು ದಾನಪತ್ರ ಮಾಡಿ ಕೊಡುವಂತಿಲ್ಲ. ಮನೆ ಅಥವಾ ಫ್ಲ್ಯಾಟನ್ನು ಹತ್ತಿರದ ಸಂಬಂಧಿಯಿಂದ ದಾನವಾಗಿ ಪಡೆಯಲು ಎನ್ನಾರೈ ಮತ್ತು ಒಸಿಐ ಕಾರ್ಡುದಾರರಿಗೆ ಅವಕಾಶವಿದೆ, ಕೃಷಿ ಭೂಮಿಯನ್ನು ಪಡೆಯಲು ಇಲ್ಲ. ಹಾಗಾಗಿ ಪರದೇಶದಲ್ಲಿರುವ ಮಕ್ಕಳಿಗೂ ತೋಟದ ಪಾಲು ಸೇರಬೇಕೆಂದು ಬಯಸುವ ತಂದೆ ತಾಯಿಗೆ ಇರುವ ಸರಿಯಾದ ದಾರಿ ವಿಲ್, ಅಂದರೆ ಮರಣಶಾಸನ. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ವಿಲ್‌ನಿಂದ ಲಾಭ ಪಡೆಯುವವರನ್ನು ಸಾಕ್ಷಿಯನ್ನಾಗಿ ಮಾಡಬಾರದು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ಹಿಂದೆ ಬೇಕಾಗುತ್ತಿದ್ದ ನ್ಯಾಯಾಲಯದ ಪ್ರೊಬೇಟ್, 2002ರ ತಿದ್ದುಪಡಿಯ ನಂತರ ಭಾರತೀಯ ಕ್ರೈಸ್ತರಿಗೆ ಕಡ್ಡಾಯವಲ್ಲ.

ಇನ್ನೊಂದು ಸೂಕ್ಷ್ಮ ವಿಚಾರವಿದೆ. ವಾರಸಿನಿಂದ ಬಂದ ಕೃಷಿ ಭೂಮಿಯನ್ನು ಪರದೇಶದಲ್ಲಿರುವವರು ಮಾರುವುದಾದರೆ ಅಥವಾ ಬಿಟ್ಟುಕೊಡುವುದಾದರೆ ಭಾರತದಲ್ಲಿ ವಾಸಿಸುವವರಿಗೆ ಮಾತ್ರ ಕೊಡಬಹುದು. ಟೊರಾಂಟೊದ ತಂಗಿ ತನ್ನ ಎಕ್ರೆಯನ್ನು ಊರಿನ ಅಣ್ಣನಿಗೆ ಹಕ್ಕು ಬಿಡುಗಡೆ ಮಾಡಿಕೊಡಬಹುದು, ಸಿಡ್ನಿಯ ಅಕ್ಕನಿಗೆ ಕೊಡುವಂತಿಲ್ಲ.

ತಮ್ಮನ ಹೆಸರಿನಲ್ಲಿ ಕೊಂಡರೆ?

'ನಾನು ಕೊಳ್ಳುವಂತಿಲ್ಲ ಎಂದಾದರೆ ತಮ್ಮನ ಹೆಸರಿನಲ್ಲಿ ಕೊಳ್ಳುತ್ತೇನೆ' ಎಂಬ ಉಪಾಯ ನಮ್ಮಲ್ಲಿ ಹಳೆಯದು. ಎರಡು ಕಾರಣಗಳಿಗಾಗಿ ಇದು ಅಪಾಯಕಾರಿ. ಮೊದಲನೆಯದಾಗಿ, ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಕೊಳ್ಳುವುದನ್ನು ಬೇನಾಮಿ ಎಂದು ಕರೆಯುತ್ತಾರೆ. 1988ರ ಬೇನಾಮಿ ಕಾಯ್ದೆಯನ್ನು 2016ರಲ್ಲಿ ಬಿಗಿಗೊಳಿಸಲಾಗಿದೆ. ಪತಿ, ಪತ್ನಿ, ಮಕ್ಕಳ ಹೆಸರಿನಲ್ಲಿ ಸಕ್ರಮ ಆದಾಯದಿಂದ ಕೊಂಡರೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅಣ್ಣ, ತಮ್ಮ, ತಂಗಿಯರ ವಿಷಯದಲ್ಲಿ ಕಾಗದದಲ್ಲಿ ಇಬ್ಬರ ಹೆಸರೂ ಜಂಟಿಯಾಗಿ ಇದ್ದರೆ ಮಾತ್ರ ವಿನಾಯಿತಿ. ಆದರೆ ಕೃಷಿ ಭೂಮಿಯಲ್ಲಿ ಜಂಟಿಯಾಗಿ ಹೆಸರು ಹಾಕಿಸಿದರೆ ಫೆಮಾ ಅಡ್ಡ ಬರುತ್ತದೆ.

ಎರಡನೆಯದಾಗಿ, ಕಾಗದದಲ್ಲಿ ತಮ್ಮನ ಹೆಸರು ಮಾತ್ರ ಇದ್ದರೆ ಕಾನೂನಿನ ಪ್ರಕಾರ ಜಾಗ ಅವನದು. ಅವನು ಒಳ್ಳೆಯವನೇ ಇರಬಹುದು, ಆದರೆ ಅವನ ನಂತರ ಅದು ಅವನ ಹೆಂಡತಿ ಮಕ್ಕಳಿಗೆ ಸೇರುತ್ತದೆ. ಮರಳುಗಾಡಿನಲ್ಲಿ ಇಪ್ಪತ್ತು ವರ್ಷ ದುಡಿದ ಹಣ ಹೀಗೆ ಬೇರೆಯವರ ಪಾಲಾದಾಗ ಹಣದೊಂದಿಗೆ ಸಂಬಂಧವೂ ಹೋಗುತ್ತದೆ. ತಮ್ಮನಿಗೆ ಸಹಾಯ ಮಾಡುವ ಮನಸ್ಸಿದ್ದರೆ ಸಹಾಯವೆಂದೇ ಕೊಟ್ಟುಬಿಡುವುದು ಒಳ್ಳೆಯದು.

ಪವರ್ ಆಫ್ ಅಟಾರ್ನಿ ಬಗ್ಗೆಯೂ ಎಚ್ಚರ ಬೇಕು. ಅದು ನಿಮ್ಮ ಪರವಾಗಿ ಕೆಲಸ ಮಾಡಲು ಕೊಡುವ ಅಧಿಕಾರ ಮಾತ್ರ, ಒಡೆತನದ ದಾಖಲೆಯಲ್ಲ. ಪವರ್ ಆಫ್ ಅಟಾರ್ನಿಯ ಮೂಲಕ ಮಾಡುವ 'ಮಾರಾಟ'ದಿಂದ ಒಡೆತನ ವರ್ಗಾವಣೆಯಾಗುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪರದೇಶದಲ್ಲಿ ಇದನ್ನು ಬರೆಸುವಾಗ ಭಾರತದ ರಾಯಭಾರ ಕಚೇರಿಯಲ್ಲಿ ದೃಢೀಕರಿಸಬೇಕು ಇಲ್ಲವೇ ಅಪೊಸ್ಟಿಲ್ ವ್ಯವಸ್ಥೆ ಇರುವ ದೇಶವಾದರೆ ನೋಟರಿಯ ನಂತರ ಅಪೊಸ್ಟಿಲ್ ಮಾಡಿಸಬೇಕು. ಭಾರತಕ್ಕೆ ತಲಪಿದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಯಾವ ಸರ್ವೆ ನಂಬರಿನ ಜಾಗ, ಯಾವ ಕೆಲಸ ಎಂಬುದನ್ನು ನಿರ್ದಿಷ್ಟವಾಗಿ ಬರೆಯಬೇಕು. 'ಎಲ್ಲಾ ಅಧಿಕಾರ' ಎಂಬ ಒಂದೇ ಸಾಲಿನ ಕಾಗದಕ್ಕೆ ಸಹಿ ಹಾಕಬಾರದು.

ಬೆಂಗಳೂರಿನ ಒಂದು ಪ್ರಕರಣ ಕಲಿಸುವ ಪಾಠ

ಇಂತಹ ನಿಯಮಗಳನ್ನು ಯಾರು ನೋಡುತ್ತಾರೆ ಎಂದು ಕೇಳುವವರು 2021ರ ಫೆಬ್ರವರಿ 26ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ತಿಳಿದಿರಬೇಕು. ವಿದೇಶಿ ಪ್ರಜೆಯಾಗಿದ್ದ ಒಬ್ಬ ವಿಧವೆಗೆ ಬೆಂಗಳೂರಿನಲ್ಲಿ ಆಸ್ತಿಯಿತ್ತು. ಅದರ ಒಂದು ಭಾಗವನ್ನು ಅವರು 1977ರಲ್ಲಿ ಒಬ್ಬರಿಗೆ ದಾನಪತ್ರದ ಮೂಲಕ ಕೊಟ್ಟರು. ಆಗ ಜಾರಿಯಲ್ಲಿದ್ದ 1973ರ ಫೆರಾ ಕಾಯ್ದೆಯ 31ನೇ ಕಲಂ ಪ್ರಕಾರ, ವಿದೇಶಿ ಪ್ರಜೆ ಭಾರತದಲ್ಲಿರುವ ಸ್ಥಿರಾಸ್ತಿಯನ್ನು ಮಾರುವುದಕ್ಕೂ ದಾನ ಕೊಡುವುದಕ್ಕೂ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕಿತ್ತು. ಆ ಅನುಮತಿ ಪಡೆದಿರಲಿಲ್ಲ.

ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅನುಮತಿ ಕಡ್ಡಾಯವಾಗಿತ್ತು, ಅದಿಲ್ಲದ ವರ್ಗಾವಣೆಗೆ ಕಾನೂನಿನ ಬಲವಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಆಗಲೇ ಅಂತಿಮವಾಗಿ ಇತ್ಯರ್ಥವಾದ ಹಳೆಯ ಪ್ರಕರಣಗಳನ್ನು ಮತ್ತೆ ತೆರೆಯಬಾರದು ಎಂದೂ ಹೇಳಿತು. ಫೆರಾ ಕಾಯ್ದೆ 2000ದ ಜೂನ್ 1ರಿಂದ ಇಲ್ಲವಾಗಿ ಫೆಮಾ ಬಂದಿದ್ದರೂ, ದಾನಪತ್ರ ಬರೆದ 44 ವರ್ಷಗಳ ನಂತರ ಆ ಕಾಗದ ಬಿದ್ದುಹೋಯಿತು. 1974ರಿಂದ 2000ದ ನಡುವೆ ವಿದೇಶಿ ಪ್ರಜೆಯಾಗಿದ್ದ ಯಾರಿಂದಲಾದರೂ ನಿಮ್ಮ ಕುಟುಂಬಕ್ಕೋ ಸಂಸ್ಥೆಗೋ ಆಸ್ತಿ ಬಂದಿದ್ದರೆ ಆಗಿನ ಅನುಮತಿ ಪತ್ರ ಕಡತದಲ್ಲಿದೆಯೇ ಎಂದು ಈಗಲೇ ಹುಡುಕಿ ನೋಡುವುದು ಲೇಸು.

ಮಾರಿದ ಹಣ ಹೊರಗೆ ಒಯ್ಯುವುದು

ಊರಿನ ಆಸ್ತಿ ಮಾರಿದ ಹಣ ಸಾಮಾನ್ಯವಾಗಿ ಎನ್‌ಆರ್‌ಒ ಖಾತೆಗೆ ಹೋಗುತ್ತದೆ. ತೆರಿಗೆ ಕಟ್ಟಿದ ದಾಖಲೆಯೊಂದಿಗೆ ಅಲ್ಲಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ವಾರಸಿನ ಆಸ್ತಿಯ ಹಣಕ್ಕೂ ಇದೇ ಮಿತಿ. ಮಾರುವವರು ಅನಿವಾಸಿಯಾಗಿದ್ದರೆ ಕೊಳ್ಳುವವರು ತೆರಿಗೆ ಹಿಡಿದುಕೊಂಡೇ ಹಣ ಕೊಡಬೇಕು, ಮತ್ತು ಈ ಕಡಿತ ನಿವಾಸಿಗಳಿಗೆ ಇರುವ ಶೇ. 1ಕ್ಕಿಂತ ಬಹಳ ಹೆಚ್ಚು. ಲಾಭ ಕಡಿಮೆಯಿದ್ದರೆ ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಮುಂಚಿತವಾಗಿ ಪ್ರಮಾಣಪತ್ರ ಪಡೆಯಬಹುದು.

2024ರ ಜುಲೈ 23ರ ನಂತರದ ಮಾರಾಟಗಳಿಗೆ ದೀರ್ಘಾವಧಿ ಲಾಭದ ಮೇಲಿನ ತೆರಿಗೆ ಶೇ. 12.5. ಆ ದಿನಕ್ಕೆ ಮೊದಲು ಪಡೆದ ಆಸ್ತಿಯಾದರೆ, ಹಣದುಬ್ಬರದ ಹೊಂದಾಣಿಕೆಯೊಂದಿಗೆ ಹಳೆಯ ರೀತಿಯಲ್ಲಿ ತೆರಿಗೆ ಲೆಕ್ಕ ಹಾಕುವ ಆಯ್ಕೆ ನಿವಾಸಿಗಳಿಗಿದೆ, ಅನಿವಾಸಿಗಳಿಗಿಲ್ಲ.

ಪರದೇಶದಲ್ಲಿ ಮನೆ ಕೊಂಡರೆ ವಾಸದ ಹಕ್ಕು ಬರುತ್ತದೆಯೇ?

ಕೆಲವು ದೇಶಗಳಲ್ಲಿ ಬರುತ್ತದೆ, ಹೆಚ್ಚಿನವುಗಳಲ್ಲಿ ಇಲ್ಲ. ಬರುವಲ್ಲಿಯೂ ಅದು ಪೌರತ್ವವಲ್ಲ.

ದುಬೈಯಲ್ಲಿ 2006ರ ಕಾನೂನಿನ ನಂತರ ವಿದೇಶೀಯರು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪೂರ್ಣ ಒಡೆತನದ ಆಸ್ತಿ ಹೊಂದಬಹುದು. 2022ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಂತೆ 20 ಲಕ್ಷ ದಿರ್ಹಮ್ ಮೌಲ್ಯದ ಆಸ್ತಿ ಇರುವವರು 10 ವರ್ಷದ ಗೋಲ್ಡನ್ ವೀಸಾಕ್ಕೆ ಅರ್ಜಿ ಹಾಕಬಹುದು. ಸಾಮಾನ್ಯ ವಾಸದ ವೀಸಾ ಆರು ತಿಂಗಳು ಹೊರಗಿದ್ದರೆ ರದ್ದಾಗುತ್ತದೆ, ಗೋಲ್ಡನ್ ವೀಸಾಕ್ಕೆ ಈ ಮಿತಿ ಇಲ್ಲ. ಅಲ್ಲಿ ಆಸ್ತಿ ಇರುವವರು ಅಲ್ಲಿಯೂ ವಿಲ್ ಮಾಡಿಡಬೇಕು. 2023ರ ಫೆಬ್ರವರಿ 1ರಿಂದ ಜಾರಿಯಲ್ಲಿರುವ ಮುಸ್ಲಿಮೇತರರ ಕಾನೂನಿನಂತೆ, ವಿಲ್ ಇಲ್ಲದಿದ್ದರೆ ಅರ್ಧ ಭಾಗ ಪತಿ ಅಥವಾ ಪತ್ನಿಗೆ, ಉಳಿದ ಅರ್ಧ ಮಕ್ಕಳಿಗೆ ಸಮನಾಗಿ ಸೇರುತ್ತದೆ.

ಈ ವಿಚಾರದಲ್ಲಿ ವದಂತಿಗಳಿಗೂ ಕೊರತೆಯಿಲ್ಲ. 2025ರ ಜುಲೈಯಲ್ಲಿ, ಸುಮಾರು 23 ಲಕ್ಷ ರೂಪಾಯಿ ಕೊಟ್ಟರೆ ಆಜೀವ ಗೋಲ್ಡನ್ ವೀಸಾ ಸಿಗುತ್ತದೆ ಎಂಬ ಸುದ್ದಿ ಭಾರತದಲ್ಲೆಲ್ಲಾ ಹರಡಿತು. ಯುಎಇಯ ಅಧಿಕೃತ ಪ್ರಾಧಿಕಾರ ಕೆಲವೇ ದಿನಗಳಲ್ಲಿ ಅದನ್ನು ಅಲ್ಲಗಳೆಯಿತು. ಏಜೆಂಟರ ಮಾತಿಗೆ ಹಣ ಕಟ್ಟುವ ಮೊದಲು ಆಯಾ ಸರಕಾರದ ಪ್ರಕಟಣೆಯನ್ನೇ ನೋಡಬೇಕು.

ಕುವೈಟಿನಲ್ಲಿ 1979ರ ಕಾನೂನಿನಿಂದ ವಿದೇಶೀಯರ ಆಸ್ತಿ ಒಡೆತನಕ್ಕೆ ಬಿಗಿಯಾದ ನಿರ್ಬಂಧವಿದೆ. ಬಹ್ರೈನ್ ಮತ್ತು ಕತಾರ್‌ನಲ್ಲಿ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಅವಕಾಶವಿದೆ. ಸೌದಿ ಅರೇಬಿಯಾ ವಿದೇಶೀಯರ ಒಡೆತನಕ್ಕೆ ಹೊಸ ಕಾನೂನನ್ನು 2025ರ ಜುಲೈಯಲ್ಲಿ ಒಪ್ಪಿತು.

ಪಶ್ಚಿಮದ ದೇಶಗಳಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. ಕೆನಡಾ 2023ರ ಜನವರಿ 1ರಿಂದ ವಿದೇಶೀಯರು ನಗರ ಪ್ರದೇಶಗಳಲ್ಲಿ ಮನೆ ಕೊಳ್ಳುವುದನ್ನು ನಿಷೇಧಿಸಿತು. ಆಮೇಲೆ ಅದನ್ನು 2027ರ ಜನವರಿ 1ರವರೆಗೆ ವಿಸ್ತರಿಸಿತು. ಪಿಆರ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಕೆಲಸದ ಪರವಾನಗಿಯಲ್ಲಿ 183 ದಿನ ಅಥವಾ ಹೆಚ್ಚು ಅವಧಿ ಉಳಿದಿರುವವರು ಒಂದು ಮನೆ ಕೊಳ್ಳಬಹುದು. ಆಸ್ಟ್ರೇಲಿಯಾ 2025ರ ಏಪ್ರಿಲ್ 1ರಿಂದ ಎರಡು ವರ್ಷಗಳ ಮಟ್ಟಿಗೆ, ತಾತ್ಕಾಲಿಕ ವೀಸಾದವರೂ ಸೇರಿದಂತೆ ವಿದೇಶೀಯರು ಹಳೆಯ ಮನೆಗಳನ್ನು ಕೊಳ್ಳುವುದನ್ನು ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ತಡೆಯಿಲ್ಲ, ಆದರೆ ಅದರಿಂದ ವಾಸದ ಹಕ್ಕು ಬರುವುದಿಲ್ಲ. ಮನೆ ಕೊಂಡವರಿಗೆ ವಾಸದ ಪರವಾನಗಿ ಕೊಡುತ್ತಿದ್ದ ಪೋರ್ಚುಗಲ್ 2023ರ ಅಕ್ಟೋಬರಿನಲ್ಲಿಯೂ, ಸ್ಪೇನ್ 2025ರ ಏಪ್ರಿಲಿನಲ್ಲಿಯೂ ಆ ಬಾಗಿಲನ್ನು ಮುಚ್ಚಿದವು. ಮನೆಗಳ ಬೆಲೆ ಏರಿ ಸ್ಥಳೀಯರಿಗೇ ಮನೆ ಸಿಗದಂತಾದುದು ಈ ಬದಲಾವಣೆಗಳಿಗೆ ಮುಖ್ಯ ಕಾರಣ.

ಊರಿನಲ್ಲಿಯೇ ಇರುವವರು ಪರದೇಶದಲ್ಲಿ ಆಸ್ತಿ ಕೊಳ್ಳುವುದಾದರೆ ಒಬ್ಬರು ವರ್ಷಕ್ಕೆ 2,50,000 ಅಮೆರಿಕನ್ ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಕಳುಹಿಸಬಹುದು. ಪರದೇಶದಲ್ಲಿದ್ದಾಗ ಕೊಂಡ ಆಸ್ತಿಯನ್ನು ಊರಿಗೆ ಮರಳಿದ ನಂತರವೂ ಇಟ್ಟುಕೊಳ್ಳಬಹುದು. ಆದರೆ ತೆರಿಗೆ ಕಾನೂನಿನ ಪ್ರಕಾರ ಪೂರ್ಣ ನಿವಾಸಿಗಳಾದ ಮೇಲೆ ಅದನ್ನು ಆದಾಯ ತೆರಿಗೆ ವಿವರಪತ್ರದಲ್ಲಿ ತಪ್ಪದೆ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಚರ್ಚ್ ಮತ್ತು ಸಂಸ್ಥೆಗಳು ಗಮನಿಸಬೇಕಾದುದು

ಒಸಿಐ ಕಾರ್ಡುದಾರರು ಊರಿಗೆ ಬಂದು ಹೋಗಲು ವೀಸಾ ಬೇಡ. ಆದರೆ 2021ರ ಮಾರ್ಚ್ 4ರ ಕೇಂದ್ರ ಸರಕಾರದ ಅಧಿಸೂಚನೆಯ ಪ್ರಕಾರ ಮಿಷನರಿ ಚಟುವಟಿಕೆ, ಪತ್ರಿಕೋದ್ಯಮ, ಸಂಶೋಧನೆ ಮುಂತಾದವುಗಳಿಗೆ ಅವರು ಪೂರ್ವಭಾವಿಯಾಗಿ ವಿಶೇಷ ಅನುಮತಿ ಪಡೆಯಬೇಕು. ಕುಟುಂಬದವರೊಂದಿಗೆ ಹಬ್ಬಕ್ಕೆ ಬಂದು ಪೂಜೆಯಲ್ಲಿ ಭಾಗವಹಿಸುವುದು ಬೇರೆ, ಧ್ಯಾನಕೂಟ ನಡೆಸಲು ಪ್ರವಚನಕಾರರಾಗಿ ಬರುವುದು ಬೇರೆ. ಹೊರದೇಶದ ಪೌರತ್ವ ಪಡೆದಿರುವ ಗುರುಗಳನ್ನು, ಧರ್ಮಭಗಿನಿಯರನ್ನು ಅಥವಾ ಪ್ರಸಂಗಕಾರರನ್ನು ಕಾರ್ಯಕ್ರಮಕ್ಕೆ ಕರೆಯುವ ಮೊದಲು ಅನುಮತಿಯ ವಿಷಯ ವಿಚಾರಿಸಿಕೊಳ್ಳಬೇಕು. ನಮ್ಮೂರಿನವರೇ ಎಂಬ ಸಲುಗೆ ಇಲ್ಲಿ ನಡೆಯುವುದಿಲ್ಲ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದು 1946ರ ವಿದೇಶಿಯರ ಕಾಯ್ದೆಯೂ ಸೇರಿದಂತೆ ನಾಲ್ಕು ಹಳೆಯ ಕಾಯ್ದೆಗಳು ರದ್ದಾಗಿವೆ. ಅತಿಥಿಗೃಹ, ಧ್ಯಾನಕೇಂದ್ರ, ಹಾಸ್ಟೆಲ್‌ಗಳಲ್ಲಿ ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವುದು ಆತಿಥೇಯರ ಹೊಣೆ.

ಪರದೇಶಿಯ ನೆಲ: ಹಿಂದಿನ ಎರಡು ನಿದರ್ಶನಗಳು

ವಿದೇಶೀಯರ ಆಸ್ತಿಯ ಹಕ್ಕು ಎಂದಿಗೂ ಆಯಾ ದೇಶದ ಷರತ್ತಿಗೆ ಒಳಪಟ್ಟದ್ದು. ಇದಕ್ಕೆ ನಮ್ಮ ಮಂಗಳೂರಿನಲ್ಲಿಯೇ ನಿದರ್ಶನವಿದೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಎಂದು ಬೆಳೆಯಿತು. ಮೊದಲ ಮಹಾಯುದ್ಧ ಆರಂಭವಾದಾಗ ಅದರ ಜರ್ಮನ್ ಮಿಷನರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿಟ್ಟು ದೇಶದಿಂದ ಕಳುಹಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು.

ಇನ್ನೊಂದು ನಿದರ್ಶನ ಮೈಸೂರು ಜಿಲ್ಲೆಯ ಬೈಲಕುಪ್ಪೆ. 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಟಿಬೆಟಿನ ನಿರಾಶ್ರಿತರಿಗೆ ಅಲ್ಲಿ ಜಾಗ ಕೊಟ್ಟಿತು. ನಂತರ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಬಳಿ ಕೂಡ ವಸತಿಗಳಾದವು. ಮೂರು ತಲೆಮಾರು ಅಲ್ಲಿ ಜೋಳ ಬೆಳೆದಿದೆ, ಮಠಗಳನ್ನು ಕಟ್ಟಿದೆ. ಆದರೂ ಆ ಜಮೀನು ಗುತ್ತಿಗೆಯದು, ಒಡೆತನ ಸರಕಾರದ್ದು. ಭಾರತೀಯ ಪೌರತ್ವ ಪಡೆಯದವರು ಇಂದಿಗೂ ವಿದೇಶಿಯರೆಂದೇ ನೋಂದಣಿ ಪತ್ರ ಹೊಂದಿ ಅದನ್ನು ನವೀಕರಿಸುತ್ತಾ ಇರಬೇಕು. ಎಷ್ಟು ವರ್ಷ ಇದ್ದೆವು ಎಂಬುದರಿಂದ ಒಡೆತನ ಹುಟ್ಟುವುದಿಲ್ಲ ಎಂಬುದನ್ನು ಕೊಲ್ಲಿಯಲ್ಲಿ ನಲುವತ್ತು ವರ್ಷ ಬಾಡಿಗೆ ಮನೆಯಲ್ಲಿ ಕಳೆದ ನಮ್ಮವರು ಚೆನ್ನಾಗಿ ಬಲ್ಲರು.

ಈಗಲೇ ಮಾಡಬೇಕಾದ ಕೆಲಸಗಳು

ವಿದೇಶಿ ಪೌರತ್ವ ಸ್ವೀಕರಿಸುವ ಮೊದಲು ಊರಿನ ಆಸ್ತಿಯ ಪಟ್ಟಿ ಮಾಡಿ, ಯಾವುದು ಕೃಷಿ, ಯಾವುದು ಪರಿವರ್ತಿತ ಎಂದು ಗುರುತಿಸಿಕೊಳ್ಳಿ.

ಅನಿವಾಸಿಗಳಾದ ಕೂಡಲೇ ಬ್ಯಾಂಕಿಗೆ ತಿಳಿಸಿ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಿ.

ತಂದೆ ಅಥವಾ ತಾಯಿ ತೀರಿಕೊಂಡರೆ ಮರಣ ಪ್ರಮಾಣಪತ್ರದೊಂದಿಗೆ ಎಲ್ಲಾ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಮಾಡಿಸಿ. ಚರ್ಚಿನ ಜ್ಞಾನಸ್ನಾನ ಮತ್ತು ಮದುವೆಯ ದಾಖಲೆಗಳು ಸಂಬಂಧ ತೋರಿಸಲು ಉಪಯೋಗವಾಗುತ್ತವೆ. ಹೆಸರಿನ ಅಕ್ಷರ ಒಂದು ಕಡೆ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದ್ದರೆ ಸರಿಪಡಿಸಿಕೊಳ್ಳಿ.

ತಂದೆ ತಾಯಿ ಆರೋಗ್ಯವಾಗಿರುವಾಗಲೇ, ಮಕ್ಕಳೆಲ್ಲ ಊರಿಗೆ ಬಂದು ಸೇರುವ ಕ್ರಿಸ್ಮಸ್ ಅಥವಾ ತೆನೆ ಹಬ್ಬದ ಸಮಯದಲ್ಲಿ ಆಸ್ತಿಯ ಬಗ್ಗೆ ಒಟ್ಟಿಗೆ ಕೂತು ಮಾತಾಡಿ. ಊರಿನಲ್ಲಿದ್ದು ಅಪ್ಪ ಅಮ್ಮನನ್ನು ನೋಡಿಕೊಳ್ಳುವವರ ಶ್ರಮಕ್ಕೆ ಬೆಲೆ ಕೊಡಬೇಕೆಂದಿದ್ದರೆ ಅದನ್ನೂ ವಿಲ್‌ನಲ್ಲಿ ಸ್ಪಷ್ಟವಾಗಿ ಬರೆಸಿ.

ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತಿರುತ್ತವೆ. ಆದ್ದರಿಂದ ನೋಂದಣಿಯ ಮೊದಲು ಫೆಮಾ ತಿಳಿದ ಲೆಕ್ಕಪರಿಶೋಧಕರನ್ನೂ ಊರಿನ ಭೂದಾಖಲೆ ತಿಳಿದ ವಕೀಲರನ್ನೂ ಒಮ್ಮೆ ಕಾಣುವುದು ಒಳಿತು. ಆ ಶುಲ್ಕ ಕೆಲವು ಸಾವಿರ ರೂಪಾಯಿ. ಪಾಲಿನ ವ್ಯಾಜ್ಯಕ್ಕೆ ಹೋಗುವುದು ಅದಕ್ಕಿಂತ ಎಷ್ಟೋ ಪಟ್ಟು ಹಣ ಮತ್ತು ಬಾಳಿನ ಹತ್ತಿಪ್ಪತ್ತು ವರ್ಷಗಳು.